ನಾಲ್ಕು ದಿನ, ನಾಲ್ಕು ಊರು, ಒಬ್ಬ ವಿದುರ

ಹೊರಡುವ ಮುಂಚೆ

ನಮ್ಮದು ಮಂಡ್ಯ ಜಿಲ್ಲೆಯ ಸಣ್ಣ ಊರು. ಊರ ನಡುವೆ ಒಂದು ಹಳೇ ಹೆಂಚಿನ ಕಟ್ಟಡ ಇದೆ. ನಮ್ಮ ತಾತನ ಕಾಲದವರು ಅದನ್ನ ರೀಡಿಂಗ್ ರೂಮು ಅಂತಿದ್ದರು. ನಮ್ಮ ವಯಸ್ಸಿನವರು ಸಮುದಾಯ ಭವನ ಅಂತೀವಿ. ಮಕ್ಕಳ ಬಾಯಲ್ಲಿ ಅದು ‘ಪೋಲಿಯೋ ಮನೆ’, ಹನಿ ಹಾಕಿಸಿಕೊಳ್ಳೋಕೆ ಅಳುತ್ತಾ ಹೋಗಿದ್ದು ಅಲ್ಲಿಗೇ ಅಲ್ವಾ. ಡೇರಿಯ ವಾರ್ಷಿಕ ಸಭೆ, ಓಟಿನ ಮತಗಟ್ಟೆ, ಒಂದೆರಡು ಬಡ ಮದುವೆ, ಶನಿಮಹಾತ್ಮೆ ನಾಟಕದ ಪ್ರಾಕ್ಟೀಸು, ಎಲ್ಲ ಅಲ್ಲೇ ಆಗುತ್ತಿತ್ತು. ಈಗ ವರ್ಷದಲ್ಲಿ ಹತ್ತು ದಿನ ಬಾಗಿಲು ತೆಗೆದರೆ ಹೆಚ್ಚು.

ಅದನ್ನು ಕೆಡವಿ ಕೆಳಗೆ ಎಂಟು ಅಂಗಡಿ, ಮೇಲೊಂದು ಹಾಲ್ ಕಟ್ಟುವ ಮಾತು ಎದ್ದಿದೆ. ಊರಿನ ಐದಾರು ಜನರ ಅಭಿಪ್ರಾಯ ಕೇಳಿದ್ದಾರೆ, ಅದರಲ್ಲಿ ನಾನೂ ಒಬ್ಬ. ಬೇಡ ಅಂತ ಹೇಳೋಕೆ ನನ್ನ ಹತ್ತಿರ ಕಾರಣವೇ ಇರಲಿಲ್ಲ. ಹಳೇದು ಅನ್ನೋದು ಕಾರಣ ಆಗುತ್ತಾ? ಹಳೇ ಕೊಟ್ಟಿಗೇನೂ ಇದೆ, ಉಳಿಸಿಕೊಳ್ತೀವಾ?

ಇದನ್ನು ಸೋದರಮಾವನ ಹತ್ತಿರ ಹೇಳಿದೆ. ಮಾವನಿಗೆ ಎಪ್ಪತ್ತೊಂದು. ‘ಸುಮ್ನೆ ಕೂತು ಯೋಚನೆ ಮಾಡಿದ್ರೆ ಏನ್ ಸಿಕ್ತದೆ, ನಾಕು ಕಡೆ ನೋಡ್ಕೊಂಡ್ ಬರಣ ನಡಿ’ ಅಂದರು. ಅವರಿಗೆ ಬೇರೆ ಕಾರಣವೂ ಇತ್ತು. ಮೈಸೂರು ಪುರಭವನದ ಸ್ಟೇಜಿನ ಮೇಲೆ ಅವರು ಒಂದು ಸಲ ನಿಂತಿದ್ದರು. ಅದನ್ನು ಇನ್ನೊಂದು ಸಲ ನೋಡಬೇಕಿತ್ತು.

ಮೊದಲ ದಿನ, ಶುಕ್ರವಾರ: ಮೈಸೂರು

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರು ಸೇರಿ, ತಿಂಡಿ ಮುಗಿಸಿ, ದೊಡ್ಡ ಗಡಿಯಾರದ ಕಡೆ ನಡೆದುಕೊಂಡೇ ಹೋದೆವು. ಆಷಾಢದ ಶುಕ್ರವಾರ, ಚಾಮುಂಡಿ ಬೆಟ್ಟಕ್ಕೆ ಹೋಗುವವರ ದಂಡು. ಬಸ್ಸೆಲ್ಲ ತುಂಬಿ ವಾಲುತ್ತಿದ್ದವು. ಪುರಭವನದ ಕಡೆಗೆ ಮಾತ್ರ ನಾವಿಬ್ಬರೇ.

ಗಡಿಯಾರದ ಗೋಪುರದ ಪಕ್ಕದಲ್ಲೇ ಪುರಭವನ. ಎತ್ತರದ ಕಂಬಗಳು, ಮುಂದೆ ಅಂಬೇಡ್ಕರ್ ಪ್ರತಿಮೆ. ಇದರ ಪೂರಾ ಹೆಸರು ರಂಗಾಚಾರ್ಲು ಸ್ಮಾರಕ ಪುರಭವನ. ಮೈಸೂರಲ್ಲಿ ಹತ್ತು ವರ್ಷ ಇದ್ದವರನ್ನೂ ‘ರಂಗಾಚಾರ್ಲು ಯಾರು’ ಅಂತ ಕೇಳಿ ನೋಡಿ, ಸ್ವಲ್ಪ ತಡವರಿಸುತ್ತಾರೆ.

1831ರಿಂದ 50 ವರ್ಷ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಆಗ ಹತ್ತನೇ ಚಾಮರಾಜ ಒಡೆಯರಿಗೆ ಇನ್ನೂ ಹದಿನೆಂಟರ ಪ್ರಾಯ, ರಂಗಾಚಾರ್ಲು ದಿವಾನರು. ರಾಜ್ಯ ಕೈಗೆ ಬರುವಾಗಲೇ ದೊಡ್ಡ ಕ್ಷಾಮದ ಹೊಡೆತ ತಿಂದಿತ್ತು. ಖಜಾನೆಯಲ್ಲಿ ದುಡ್ಡಿರಲಿಲ್ಲ. ಅಂಥ ಹೊತ್ತಲ್ಲಿ ಈ ಮನುಷ್ಯ ಮಾಡಿದ್ದೇನು ಗೊತ್ತಾ? ಅದೇ ವರ್ಷ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಜಿಲ್ಲೆ ಜಿಲ್ಲೆಯಿಂದ 144 ಜನರನ್ನು ಕರೆಸಿ ಕೂರಿಸಿ, ಸರ್ಕಾರಕ್ಕೆ ಇಷ್ಟು ಬಂತು, ಇಷ್ಟು ಖರ್ಚಾಯಿತು ಅಂತ ಲೆಕ್ಕ ಒಪ್ಪಿಸಿದರು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಬಂದವರೆಲ್ಲ ಜಮೀನುದಾರರು, ವ್ಯಾಪಾರಿಗಳು. ಯಾರೂ ಓಟು ಹಾಕಿ ಕಳಿಸಿದವರಲ್ಲ. ಅವರಿಗೆ ಏನನ್ನೂ ತಳ್ಳಿಹಾಕುವ ಅಧಿಕಾರವೂ ಇರಲಿಲ್ಲ. ಕೇಳಬಹುದು, ತಮ್ಮ ಕಡೆಯ ಕಷ್ಟ ಹೇಳಿಕೊಳ್ಳಬಹುದು, ಊರಿಗೆ ವಾಪಸ್ ಹೋಗಬಹುದು. ಅಷ್ಟೇ ಆದರೂ, ದಿವಾನರು ವರ್ಷಕ್ಕೊಂದು ಸಲ ಎದ್ದು ನಿಂತು ಲೆಕ್ಕ ಹೇಳಲೇಬೇಕು ಅನ್ನೋದೊಂದು ರೂಢಿಯಾಯಿತು. ಆಮೇಲಿನ ದಿವಾನರು ಯಾರೂ ಅದನ್ನು ತಪ್ಪಿಸಿಕೊಳ್ಳೋಕೆ ಆಗಲಿಲ್ಲ.

ರಂಗಾಚಾರ್ಲು ಹೆಚ್ಚು ದಿನ ಇರಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಅವರ ನೆನಪಿಗೆ 1884ರಲ್ಲಿ ಈ ಕಟ್ಟಡ ಎದ್ದಿತು.

ಮಾವನಿಗೆ ಈ ಕತೆ ಹೇಳುತ್ತಿದ್ದೆ. ಅವರ ಗಮನ ಇತ್ತಲಾಗೆ ಇರಲೇ ಇಲ್ಲ. ಕಾವಲಿನವರ ಹತ್ತಿರ ಮಾತಾಡಿ ಆಗಲೇ ಒಳಗೆ ಹೋಗಿಬಿಟ್ಟಿದ್ದರು. ಒಳಗೆ ಯಾವುದೋ ಕಾರ್ಯಕ್ರಮಕ್ಕೆ ಇಬ್ಬರು ಹುಡುಗರು ಸ್ಪೀಕರ್ ಜೋಡಿಸುತ್ತಿದ್ದರು. ಮಾವ ಸ್ಟೇಜಿನ ಬಲಗಡೆ ಮೂಲೆಗೆ ಹೋಗಿ ನಿಂತರು. ‘ಇಲ್ಲೇ ಕಣೋ, ಇಲ್ಲೇ ಹಾರ್ಮೋನಿಯಂ ಮೇಷ್ಟ್ರು ಕೂತಿದ್ದು.’

ಹಳೇ ಮೈಸೂರು ಕಡೆಯ ಪೌರಾಣಿಕ ನಾಟಕದ ಲೆಕ್ಕಾಚಾರ ಗೊತ್ತಿಲ್ಲದವರಿಗೆ ಹೇಳಬೇಕು. ಇಲ್ಲಿ ಪಾರ್ಟು ಮಾಡುವವನಿಗೆ ಸಂಬಳ ಕೊಡಲ್ಲ, ಅವನೇ ದುಡ್ಡು ಕೊಡಬೇಕು. ಕುರುಕ್ಷೇತ್ರ ಆಡಬೇಕು ಅಂತ ಊರವರು ತೀರ್ಮಾನ ಮಾಡಿದರೆ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪ್ರಾಕ್ಟೀಸು ಮಾಡುತ್ತಾರೆ. ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಡ್ರೆಸ್ಸು, ಲೈಟು, ಹಾಲ್ ಬಾಡಿಗೆ, ಎಲ್ಲ ಸೇರಿಸಿ ಪಾತ್ರಗಳ ಮೇಲೆ ಹಂಚುತ್ತಾರೆ. ಜಾಸ್ತಿ ಹಾಡು, ಜಾಸ್ತಿ ಮಾತು ಇರುವ ಪಾತ್ರಕ್ಕೆ ಜಾಸ್ತಿ ದುಡ್ಡು. ದುರ್ಯೋಧನ ಎಲ್ಲರಿಗಿಂತ ದುಬಾರಿ. ಆಮೇಲೆ ಕೃಷ್ಣ, ಭೀಮ, ಕರ್ಣ.

‘ನಂಗೆ ದುರ್ಯೋಧನ ಮಾಡೋ ಆಸೆ. ಗಂಟಲೂ ಇತ್ತು. ದುಡ್ಡಿರಲಿಲ್ಲ. ದುರ್ಯೋಧನ ರೈಸ್ ಮಿಲ್ಲಿನವರ ಮಗನಿಗೆ ಹೋಯ್ತು. ಎರಡು ಕುರಿ ಮಾರಿ ನಾನು ವಿದುರ ಆದೆ’ ಅಂದರು ಮಾವ.

ಊರಲ್ಲಿ ಮೂರು ಸಲ ಆಡಿ ಆದಮೇಲೆ ಅದೇ ತಂಡ ಮೈಸೂರು ಪುರಭವನದಲ್ಲಿ ಒಂದು ರಾತ್ರಿ ಆಡಿತು. ಇಡೀ ಊರು ಎರಡು ಲಾರಿ ಹತ್ತಿ ಬಂತಂತೆ. ಅಲ್ಲಿ ಆಡಿದ್ದಕ್ಕೆ ಏನು ಸಿಕ್ಕಿತು ಅಂತ ಕೇಳಿದೆ. ‘ಸಿಕ್ಕೋದೇನು? ಪುರಭವನದಲ್ಲಿ ಆಡ್ದೋರು ಅಂತ ಆಯ್ತು’ ಅಂದರು. ನಮ್ಮತ್ತೆಯ ಮನೆಯವರು ಹೆಣ್ಣು ಕೊಡುವಾಗ ಈ ಮಾತೂ ನಡುವೆ ಬಂದಿತ್ತಂತೆ!

ಸ್ಪೀಕರ್ ಜೋಡಿಸುತ್ತಿದ್ದ ಹುಡುಗ ‘ತಾತ, ಮೈಕ್ ಟೆಸ್ಟ್ ಮಾಡ್ಬೇಕು, ಏನಾದ್ರೂ ಮಾತಾಡಿ’ ಅಂದ. ಮಾವ ಗಂಟಲು ಸರಿಮಾಡಿಕೊಂಡರು. ವಿದುರ ಧೃತರಾಷ್ಟ್ರನಿಗೆ ಬುದ್ಧಿ ಹೇಳುವ ಕಡೆಯಿಂದ ಶುರು ಮಾಡಿ, ಎರಡು ಸಾಲಿನ ನಂತರ ಸೀದಾ ದುರ್ಯೋಧನನ ಮಾತಿಗೆ ಹಾರಿದರು. ನಲವತ್ತು ವರ್ಷದಿಂದ ಆ ಪಾತ್ರವೂ ಬಾಯಿಪಾಠ ಇತ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಖಾಲಿ ಹಾಲಿನಲ್ಲಿ ದನಿ ಹಿಂದಿನ ಗೋಡೆವರೆಗೂ ಹೋಗಿ ಬಂತು. ಹುಡುಗರು ಶಿಳ್ಳೆ ಹಾಕಿದರು.

ಮಧ್ಯಾಹ್ನ ಜಗನ್ಮೋಹನ ಅರಮನೆ. ಚಿತ್ರಶಾಲೆ ನೋಡುವ ಜನವೇ ಜಾಸ್ತಿ. ಇದೇ ಅರಮನೆಯಲ್ಲಿ 1907ರಲ್ಲಿ ಮೈಸೂರಿನ ನ್ಯಾಯವಿಧಾಯಕ ಸಭೆಯ ಮೊದಲ ಅಧಿವೇಶನ ನಡೆಯಿತು. ಇವತ್ತಿನ ವಿಧಾನ ಪರಿಷತ್ತಿನ ಬೇರು ಅಲ್ಲಿದೆ. ಮಾವ ಇಲ್ಲಿ ಆಕಳಿಸಿದರು. ಬಿಸಿಲೂ ಇತ್ತು ಅನ್ನಿ.

ಎರಡನೇ ದಿನ, ಶನಿವಾರ: ಬೆಂಗಳೂರು

ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಹತ್ತಿ ಟೌನ್ ಹಾಲ್ ಸ್ಟಾಪಿನಲ್ಲಿ ಇಳಿದೆವು. ದಿನಾ ಸಾವಿರಾರು ಜನ ‘ಟೌನ್ ಹಾಲ್, ಟೌನ್ ಹಾಲ್’ ಅಂತ ಟಿಕೆಟ್ ತಗೊಳ್ತಾರೆ. ಅವರಲ್ಲಿ ಎಷ್ಟು ಜನ ಒಳಗೆ ಹೋಗಿದ್ದಾರೆ? ಬೆಂಗಳೂರಲ್ಲಿ ನಾನಿದ್ದ ಆರು ವರ್ಷದಲ್ಲಿ ಒಂದೇ ಒಂದು ಸಲ ಹೋಗಿದ್ದೆ, ಅದೂ ಆಫೀಸಿನ ಯಾವುದೋ ಸನ್ಮಾನಕ್ಕೆ.

ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿ ಪುರಭವನ ಅಂತ ಇದರ ಹೆಸರು. ಪುಟ್ಟಣ್ಣಚೆಟ್ಟರು ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದವರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು, 1935ರಲ್ಲಿ ಬಾಗಿಲು ತೆರೆಯಿತು. ಆಗ ಮಿರ್ಜಾ ಇಸ್ಮಾಯಿಲ್ ದಿವಾನರು. ದಪ್ಪ ಕಂಬಗಳ ಸಾಲು, ಅದರ ಕೆಳಗೆ ಅಗಲವಾದ ಮೆಟ್ಟಿಲು. ಒಳಗೆ ಸುಮಾರು ಸಾವಿರ ಜನ ಕೂರಬಹುದು.

ನನ್ನ ಪ್ರಕಾರ ಈ ಕಟ್ಟಡದಲ್ಲಿ ಊರಿನವರು ಜಾಸ್ತಿ ಬಳಸಿದ್ದು ಸಭಾಂಗಣವನ್ನಲ್ಲ, ಆ ಮೆಟ್ಟಿಲನ್ನು. ಕಾವೇರಿ ನೀರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಂಬಳ, ಪೌರಕಾರ್ಮಿಕರ ಕಾಯಂ, ಬೆಲೆ ಏರಿಕೆ, ಯಾವುದೇ ಇರಲಿ, ಸಂಜೆ ಐದಕ್ಕೆ ಟೌನ್ ಹಾಲ್ ಮುಂದೆ ಸೇರೋಣ ಅಂತ ಒಂದು ಮೆಸೇಜ್ ಸಾಕಿತ್ತು. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ. ಹಿಂದಿನವರಿಗೂ ಕಾಣುವ ಹಾಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತರೆ ಸ್ಟೇಜೂ ಅದೇ, ಗ್ಯಾಲರಿಯೂ ಅದೇ. ಎದುರಿಗೆ ಸಿಗ್ನಲ್‌ನಲ್ಲಿ ನಿಂತ ಬಸ್ಸಿನವರೇ ಪ್ರೇಕ್ಷಕರು. ಈಗ ಪ್ರತಿಭಟನೆ ಏನಿದ್ದರೂ ಹಳೇ ಸೆಂಟ್ರಲ್ ಜೈಲಿನ ಜಾಗದಲ್ಲಿರುವ ಫ್ರೀಡಂ ಪಾರ್ಕಿನಲ್ಲೇ ಮಾಡಬೇಕು ಅಂತ ನಿಯಮ ಬಂದಿದೆ. ಟ್ರಾಫಿಕ್ ಕಟ್ಟಿಕೊಂಡವರಿಗೆ ಅದು ಸರಿ ಅನಿಸಬಹುದು, ನಾನೂ ಆ ಸಿಗ್ನಲ್‌ನಲ್ಲಿ ಬೈದುಕೊಂಡು ಕೂತವನೇ. ಆದರೂ ಖಾಲಿ ಮೆಟ್ಟಿಲು ನೋಡಿದರೆ ಏನೋ ಕಳಕೊಂಡ ಹಾಗೆ. ನಾವು ಹೋದಾಗ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪಿನ ಚೀಲ ಇಟ್ಟುಕೊಂಡು ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಕೆ.ಆರ್. ಮಾರ್ಕೆಟ್ ಹತ್ತಿರವೇ ಅಲ್ವಾ.

ಅಲ್ಲಿಂದ ಬುಲ್ ಟೆಂಪಲ್ ರಸ್ತೆಗೆ ಆಟೊ. ನರಸಿಂಹರಾಜ ಕಾಲೊನಿಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನೋಡಬೇಕಿತ್ತು. ಇದನ್ನು ಕಟ್ಟಿದವರು ಡಿ.ವಿ.ಜಿ., 1945ರಲ್ಲಿ. ಕಗ್ಗದ ಡಿ.ವಿ.ಜಿ.ಯನ್ನು ಎಲ್ಲರೂ ಬಲ್ಲರು. ಅವರು ಪತ್ರಕರ್ತರೂ ಹೌದು, ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದವರೂ ಹೌದು. ನಮ್ಮ ಪ್ರವಾಸಕ್ಕೆ ಒಂದು ಕೊಂಡಿಯೂ ಇಲ್ಲಿ ಸಿಕ್ಕಿತು: ನಿನ್ನೆ ಮೈಸೂರಲ್ಲಿ ಯಾರ ಹೆಸರಿನ ಹಾಲ್ ನೋಡಿದೆವೋ, ಆ ರಂಗಾಚಾರ್ಲು ಅವರ ಜೀವನಚರಿತ್ರೆ ಬರೆದವರು ಇದೇ ಡಿ.ವಿ.ಜಿ.

ಸ್ವಾತಂತ್ರ್ಯ ಇನ್ನೇನು ಬರುತ್ತೆ ಅನ್ನುವ ಹೊತ್ತದು. ಓಟು ಸಿಕ್ಕರೆ ಸಾಲದು, ಓಟು ಹಾಕುವವನಿಗೆ ಬಜೆಟ್ ಅಂದರೇನು, ಕಾನೂನು ಹೇಗೆ ಆಗುತ್ತೆ ಅನ್ನೋದು ತಿಳಿದಿರಬೇಕು ಅಂತ ಅವರ ಯೋಚನೆ. ಅದಕ್ಕೆ ಅವರು ಪಕ್ಷ ಕಟ್ಟಲಿಲ್ಲ, ಓದುವ ಕೋಣೆ ಕಟ್ಟಿದರು, ಅಧ್ಯಯನ ಗೋಷ್ಠಿ ನಡೆಸಿದರು, ಇಂಗ್ಲಿಷಿನಲ್ಲಿ ‘ಪಬ್ಲಿಕ್ ಅಫೇರ್ಸ್’ ಅನ್ನೋ ಪತ್ರಿಕೆ ತಂದರು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ದೊಡ್ಡ ಸನ್ಮಾನ ಆದಾಗ ಬಂದ ನಿಧಿಯನ್ನೂ ಇದೇ ಸಂಸ್ಥೆಗೆ ಕೊಟ್ಟುಬಿಟ್ಟರು.

ಅದೇ 1945ರಲ್ಲಿ, ಅಲ್ಲಿಗೆ ಸ್ವಲ್ಪ ದೂರದಲ್ಲಿ, ಬಿ.ಪಿ. ವಾಡಿಯಾ ಅವರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರು ಮಾಡಿದ್ದರು. ಇವತ್ತಿಗೂ ಬಸವನಗುಡಿಯ ಹಿರಿಯರು ಸಂಜೆಯಾದರೆ ಸ್ವೆಟರ್ ಹಾಕಿಕೊಂಡು ಅಲ್ಲಿಗೆ ಹೊರಡುತ್ತಾರೆ. ಇವತ್ತಿನ ಭಾಷಣ ಉಪನಿಷತ್ತಿನ ಬಗ್ಗೆಯೋ, ಹಕ್ಕಿಗಳ ಬಗ್ಗೆಯೋ ಅಂತ ಹೊರಡುವಾಗ ಗೊತ್ತಿರದಿದ್ದರೂ ನಡೆಯುತ್ತೆ. ಕಾಲಿಗೆ ದಾರಿ ಅಭ್ಯಾಸವಾಗಿರುತ್ತದೆ. ಇದನ್ನು ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ.

ಸಂಜೆ ಎಡವಟ್ಟಾಯಿತು. ಬೇರೊಂದು ಸಭಾಂಗಣದಲ್ಲಿ (ಹೆಸರು ಬೇಡ ಬಿಡಿ) ಐದೂವರೆಗೆ ಒಂದು ಪುಸ್ತಕ ಬಿಡುಗಡೆ ಅಂತ ಪೇಪರ್‌ನಲ್ಲಿ ನೋಡಿ ಹೋದೆವು. ಏಸಿ ಹಾಲ್, ಮೆತ್ತನೆ ಸೀಟು. ಮುಖ್ಯ ಅತಿಥಿ ಬರಲಿ ಅಂತ ಆರೂಮುಕ್ಕಾಲರ ತನಕ ಕಾಯಿಸಿದರು. ಅಷ್ಟು ಹೊತ್ತೂ ಒಂದೇ ಭಾವಗೀತೆಯನ್ನು ಹಾಕಿ ಹಾಕಿ ತಿರುಗಿಸಿದರು. ಶುರುವಾದ ಮೇಲೆ ಸ್ವಾಗತ, ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ವೇದಿಕೆಯ ಮೇಲೆ ಹನ್ನೊಂದು ಜನ, ಕೆಳಗೆ ಮೂವತ್ತು. ಅತಿಥಿಗಳು ಮಾತಾಡಿ ‘ಇನ್ನೊಂದು ಕಾರ್ಯಕ್ರಮ ಇದೆ’ ಅಂತ ಎದ್ದಾಗ ಅವರ ಜೊತೆ ಹತ್ತು ಜನ ಎದ್ದುಹೋದರು. ಪುಸ್ತಕ ಬರೆದಾಕೆ ಕೊನೆಗೆ ಮೈಕ್ ಹಿಡಿದಾಗ ಉಳಿದಿದ್ದು ಅವರ ಮನೆಯವರು, ನಾವಿಬ್ಬರು ಮತ್ತು ಕ್ಯಾಮೆರಾದವನು. ಮಾವ ಆಚೆ ಬಂದು ಹೇಳಿದರು: ‘ಪಾತ್ರ ಜಾಸ್ತಿ, ನಾಟಕ ಕಮ್ಮಿ ಕಣೋ. ಇವ್ರಿಂದ ದುಡ್ಡು ಈಸ್ಕೋಬೇಕಿತ್ತು, ನಮ್ಮ ಥರ.’

ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದೆವು. ಮಾವನಿಗೆ ಲೋಯರ್ ಬರ್ತ್ ಸಿಕ್ಕಿತು. ಅಷ್ಟು ಸಾಕು.

ಮೂರನೇ ದಿನ, ಭಾನುವಾರ: ಧಾರವಾಡ

ಧಾರವಾಡದಲ್ಲಿ ಇಳಿದಾಗ ಜಿಟಿಜಿಟಿ ಮಳೆ. ಜುಲೈನಲ್ಲಿ ಇಲ್ಲಿ ಸೂರ್ಯ ಕಂಡರೆ ಪುಣ್ಯ. ರೂಮಿನಲ್ಲಿ ಮುಖ ತೊಳೆದು, ಗಿರ್ಮಿಟ್ ಮಿರ್ಚಿ ತಿಂದು (ಮಾವ ಮೂರು ಮಿರ್ಚಿ ತಿಂದರು, ಅದರ ಫಲ ರಾತ್ರಿ ಗೊತ್ತಾಯಿತು), ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋದೆವು.

ಕಾಂಪೌಂಡಿನ ಹತ್ತಿರ ಛತ್ರಿ ಮಡಿಸುತ್ತಾ ನಿಂತಿದ್ದೆವು. ಒಳಗಿಂದ ಒಬ್ಬ ಹಿರಿಯರು ಕರೆದರು. ‘ಬರ್ರಿ ಬರ್ರಿ, ಹೊರಗ್ಯಾಕ ನಿಂತೀರಿ? ಮಳಿ ಬರಾಕತ್ತೈತಿ. ಯಾವೂರ್ರಿ ನಿಮ್ದು?’

ಮಂಡ್ಯ ಕಡೆ, ಸಭಾಂಗಣಗಳನ್ನು ನೋಡೋಕೆ ಹೊರಟಿದ್ದೀವಿ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನಮ್ಮನ್ನು ಇನ್ನೊಂದು ಸಲ ನೋಡಿದರು. ‘ಅಬಬಬ! ಧಾರವಾಡಕ್ಕ ಪೇಡೆ ತಿನ್ನಾಕ ಬರ್ತಾರ, ಬೇಂದ್ರೆಯವರ ಮನಿ ನೋಡಾಕ ಬರ್ತಾರ. ಹಾಲ್ ನೋಡಾಕ ಬಂದವ್ರು ನೀವ ಮೊದಲ್ನೇದವ್ರು ನೋಡ್ರಿ. ಕುಂದರ್ರಿ, ಚಾ ತರಸ್ತೀನಿ.’

ಈ ಸಂಘ ಹುಟ್ಟಿದ್ದು 1890ರ ಜುಲೈ 20ರಂದು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರಲ್ಲಿ ಕನ್ನಡಕ್ಕೆ ಅರಮನೆಯ ಆಸರೆ ಇತ್ತು. ಇಲ್ಲಿ ಅಂಥದ್ದೇನೂ ಇರಲಿಲ್ಲ, ಓದು ಕಚೇರಿ ಎಲ್ಲದರಲ್ಲೂ ಮರಾಠಿಯದೇ ಜೋರು. ಕನ್ನಡದಲ್ಲಿ ಓದೋಕೆ ಪುಸ್ತಕವೇ ಇಲ್ಲ, ಬರೆದರೆ ಅಚ್ಚು ಹಾಕುವವರಿಲ್ಲ. ಎಂ.ಎ. ಓದಿ ಮೇಷ್ಟ್ರಾಗಿದ್ದ ರಾ.ಹ. ದೇಶಪಾಂಡೆ ಒಂದಷ್ಟು ಜನರನ್ನು ಸೇರಿಸಿ ಸಂಘ ಮಾಡಿದರು. ಪುಸ್ತಕ ಬರೆದವರಿಗೆ ಬಹುಮಾನ ಕೊಡೋದು, ಅಚ್ಚು ಹಾಕಿಸೋದು ಅವರ ಕೆಲಸ. ‘ಸಿರಿಗನ್ನಡಂ ಗೆಲ್ಗೆ’ ಅಂತ ನಾವು ನವೆಂಬರಿನಲ್ಲಿ ಆಟೊ ಮೇಲೆ ಬರೆಸುತ್ತೀವಲ್ಲ, ಆ ಮಾತು ಕೊಟ್ಟವರು ಇವರೇ. ಸಂಘದ ‘ವಾಗ್ಭೂಷಣ’ ಪತ್ರಿಕೆಯನ್ನು ಮುಂದೆ ಆಲೂರು ವೆಂಕಟರಾಯರು ನಡೆಸಿದರು. 1907ರಲ್ಲಿ ಇಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನ ಆಯಿತು. ಬೇರೆ ಬೇರೆ ಸರ್ಕಾರಗಳ ಕೆಳಗೆ ಹಂಚಿಹೋಗಿದ್ದ ಬರಹಗಾರರು ಒಟ್ಟಿಗೆ ಕೂತು ಮಾತಾಡುವ ರೂಢಿ ಹೀಗೆ ಬೆಳೆಯಿತು. ಎಂಟು ವರ್ಷದ ನಂತರ, 1915ರಲ್ಲಿ, ಬೆಂಗಳೂರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿತು. ಕರ್ನಾಟಕ ಅನ್ನೋ ರಾಜ್ಯ ನಕ್ಷೆಯ ಮೇಲೆ ಬರುವ ಎಷ್ಟೋ ಮುಂಚೆ ಅದು ಇಂಥ ಹಾಲುಗಳಲ್ಲಿ, ಮರದ ಕುರ್ಚಿಗಳ ಮೇಲೆ ಶುರುವಾಗಿತ್ತು.

ಪಾಟೀಲ ಪುಟ್ಟಪ್ಪನವರು ದಶಕಗಟ್ಟಲೆ ಈ ಸಂಘದ ಅಧ್ಯಕ್ಷರಾಗಿದ್ದರು, 2020ರಲ್ಲಿ ತೀರಿಕೊಳ್ಳುವ ತನಕ ಅವರ ಹೆಸರೂ ಸಂಘದ ಹೆಸರೂ ಜೋಡಿಯಾಗಿಯೇ ಕೇಳುತ್ತಿತ್ತು. ಗೋಕಾಕ್ ಚಳವಳಿಯ ಕಾಲದ ಮಾತು ತೆಗೆದರೆ ಸಾಕು, ಇಲ್ಲಿಯ ಹಿರಿಯರಿಗೆ ಚಾ ಆರಿದ್ದೂ ಗೊತ್ತಾಗಲ್ಲ.

ಆದರೆ ನಾನು ಇಲ್ಲಿ ಹೇಳಬೇಕಾದ್ದು ದತ್ತಿಯ ವಿಚಾರ. ಗೋಡೆಯ ಮೇಲಿದ್ದ ಆಹ್ವಾನ ಪತ್ರಿಕೆಗಳನ್ನು ಮಾವ ಒಂದೊಂದೇ ಓದುತ್ತಿದ್ದರು. ಎಲ್ಲದರಲ್ಲೂ ‘ದತ್ತಿ ಉಪನ್ಯಾಸ’ ಅಂತ ಇತ್ತು. ಹಾಗಂದರೇನು ಅಂತ ಕೇಳಿದರು. ಹಿರಿಯರು ವಿವರಿಸಿದ್ದು ಹೀಗೆ. ನಿಮ್ಮ ಅಪ್ಪನೋ ಅವ್ವನೋ ತೀರಿಕೊಂಡರು ಅಂದುಕೊಳ್ಳಿ. ಅವರ ಹೆಸರಲ್ಲಿ ನೀವು ಸಂಘಕ್ಕೆ ಒಂದು ಮೊತ್ತ ಕೊಡುತ್ತೀರಿ. ಸಂಘ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲು ಮುಟ್ಟುವಂತಿಲ್ಲ. ವರ್ಷಕ್ಕೆ ಬರುವ ಬಡ್ಡಿಯಲ್ಲಿ ಅವರ ಹೆಸರಿನಲ್ಲಿ ಒಂದು ಉಪನ್ಯಾಸ. ವಿಷಯ ಏನಿರಬೇಕು ಅಂತಲೂ ಹೇಳಬಹುದು: ಅಪ್ಪ ಒಕ್ಕಲುತನ ಮಾಡಿದವರಾದರೆ ಒಕ್ಕಲುತನ, ಅವ್ವನಿಗೆ ಹಂತಿ ಪದ, ಬೀಸುಕಲ್ಲಿನ ಪದ ಬರುತ್ತಿದ್ದರೆ ಜನಪದ. ಇಂಥ ದತ್ತಿಗಳು ಹತ್ತಾರು ಕೂಡಿಕೊಂಡರೆ ಸಭಾಂಗಣದ ಕ್ಯಾಲೆಂಡರ್ ತಾನಾಗೇ ತುಂಬುತ್ತದೆ. ಮನೆಯವರು ಊರಿಂದ ಬರುತ್ತಾರೆ, ಮೊಮ್ಮಕ್ಕಳು ಫೋಟೊಕ್ಕೆ ಹೂ ಹಾಕುತ್ತಾರೆ, ಜೊತೆಗೆ ಒಂದು ತಾಸು ಕೂತು ಏನೋ ಕೇಳಿಸಿಕೊಳ್ಳುತ್ತಾರೆ.

‘ಆದ್ರ ಒಂದು ತ್ರಾಸ ಐತ್ರಿ’ ಅಂದರು ಅವರು. ‘ಎಲ್ಲಾ ಕಡೆನೂ ಇದ ಕತಿ. ಮೂವತ್ತು ವರ್ಷದ ಹಿಂದ ಇಟ್ಟ ಠೇವಣಿ, ಆಗ ಅದು ದೊಡ್ಡ ರೊಕ್ಕ. ಈಗ ಅದರ ಬಡ್ಡಿ ಭಾಷಣಕಾರ್ರ ಬಸ್ ಚಾರ್ಜಿಗೂ ಸಾಲೂದಿಲ್ಲ. ಹಂಗಂತ ಬಿಡಾಕ ಬರತೈತೇನ್ರಿ? ಹೆಸರು ಐತಲ್ಲ.’

ಮಾವ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಕಿವಿಯಲ್ಲಿ, ‘ನಿಮ್ಮಜ್ಜಿ ತಿಥಿಗೆ ಪ್ರತೀ ವರ್ಷ ಎಷ್ಟು ಖರ್ಚು ಮಾಡ್ತೀವಿ?’ ಅಂದರು.

ಸಂಜೆ ಸುಭಾಸ ರಸ್ತೆಗೆ ಹೋದೆವು. ಅಲ್ಲಿ ಮನೋಹರ ಗ್ರಂಥಮಾಲೆಯ ‘ಅಟ್ಟ’ ಇದೆ. 1933ರಲ್ಲಿ ಶುರುವಾದ ಪ್ರಕಾಶನ, ಜಿ.ಬಿ. ಜೋಶಿಯವರದು. ಬೇಂದ್ರೆ, ಕುರ್ತಕೋಟಿ, ಕಾರ್ನಾಡ್ ಎಲ್ಲ ಹತ್ತಿ ಕೂತು ಹರಟಿದ ಜಾಗ. ಅದಕ್ಕೆ ಸಭಾಭವನ ಅಂತ ಯಾರೂ ಹೆಸರಿಟ್ಟಿಲ್ಲ, ಅಡಿಗಲ್ಲು ಯಾರೂ ಹಾಕಿಲ್ಲ. ಭಾನುವಾರ, ಬಾಗಿಲು ಹಾಕಿತ್ತು. ಮಳೆಯಲ್ಲಿ ರಸ್ತೆ ಆಚೆ ನಿಂತು ಮೇಲೆ ನೋಡಿದೆವು. ನಮ್ಮ ರೀಡಿಂಗ್ ರೂಮು ಇದಕ್ಕಿಂತ ದೊಡ್ಡದು ಅಂದರು ಮಾವ. ನಿಜವೇ.

ನಾಲ್ಕನೇ ದಿನ, ಸೋಮವಾರ: ಗದಗ

ಹುಬ್ಬಳ್ಳಿ ದಾಟಿದ ಮೇಲೆ ಮಳೆ ಇಲ್ಲ. ಎರಡೂ ಕಡೆ ಕಪ್ಪು ಮಣ್ಣು, ಹೆಸರು ಬೆಳೆ, ದೂರದಲ್ಲಿ ಗಾಳಿಯ ಗಿರಣಿಗಳು. ಮಿರ್ಚಿಯ ದೆಸೆಯಿಂದ ಮಾವ ಬಸ್ಸಿನಲ್ಲಿ ಮಾತಾಡಲಿಲ್ಲ.

ಗದಗಿಗೆ ಸೋಮವಾರವೇ ಬರಬೇಕು ಅಂತ ನಾನು ಮೊದಲೇ ಲೆಕ್ಕ ಹಾಕಿದ್ದೆ. ತೋಂಟದಾರ್ಯ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಶಿವಾನುಭವ, ಅಂದರೆ ವಚನ, ಉಪನ್ಯಾಸದ ಸಭೆ, ನಡೆಯುತ್ತದೆ. 1974ರಲ್ಲಿ ಪೀಠಕ್ಕೆ ಬಂದ ಸಿದ್ಧಲಿಂಗ ಸ್ವಾಮಿಗಳು ಬೆಳೆಸಿದ ಪದ್ಧತಿ. ಅವರು 2018ರಲ್ಲಿ ಲಿಂಗೈಕ್ಯರಾದರು. ಸೋಮವಾರ ಮಾತ್ರ ನಿಂತಿಲ್ಲ. ಎಣಿಕೆ ಎರಡು ಸಾವಿರ ಯಾವತ್ತೋ ದಾಟಿದೆ. ವಾರಕ್ಕೊಂದರ ಹಾಗೆ ಎರಡು ಸಾವಿರ ಅಂದರೆ ನೀವೇ ಲೆಕ್ಕ ಹಾಕಿ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಕಾಲದ ಶರಣರು ಕೂಡಿ ಮಾತಾಡುತ್ತಿದ್ದುದನ್ನು ನಾವು ಅನುಭವ ಮಂಟಪ ಅಂತೀವಿ. ಅಲ್ಲಮಪ್ರಭು ಮೇಲೆ, ಸುತ್ತ ಅಂಬಿಗರು, ಮಾದಾರರು, ಮಡಿವಾಳರು, ಹೆಣ್ಣುಮಕ್ಕಳು. ಅದರ ಕಟ್ಟಡ ಎಲ್ಲಿತ್ತು, ಹೇಗಿತ್ತು ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ. ಬಸವಕಲ್ಯಾಣದಲ್ಲಿ ಹೊಸ ಮಂಟಪಕ್ಕೆ 2021ರಲ್ಲಿ ನೂರಾರು ಕೋಟಿಯ ಯೋಜನೆ ಶುರುವಾಯಿತು. ಕಟ್ಟಲಿ, ಬೇಡ ಅನ್ನಲ್ಲ. ಆದರೆ ಗೋಡೆಯ ಒಂದು ಕಲ್ಲೂ ಯಾರೂ ತೋರಿಸೋಕಾಗದ ಸಭೆ ಎಂಟುನೂರು ವರ್ಷ ಬಾಯಿಂದ ಬಾಯಿಗೆ ಉಳಿದುಬಂದಿದೆ, ಅಲ್ಲಿ ಆಡಿದ ಮಾತಿನಿಂದ.

ಸಂಜೆ ಮಠದ ಸಭಾಂಗಣಕ್ಕೆ ಹೋದೆವು. ಇಬ್ಬರು ಹುಡುಗರು ಜಮಖಾನೆ ಹಾಸುತ್ತಿದ್ದರು. ಜನ ಬರತೊಡಗಿದರು. ಗಡಿಬಿಡಿ ಇಲ್ಲ, ಆಹ್ವಾನ ಪತ್ರಿಕೆ ಕೈಲಿಲ್ಲ. ಅಂಗಡಿ ಅರ್ಧ ಮುಚ್ಚಿ ಬಂದ ಹಾಗಿದ್ದ ಒಬ್ಬರ ಕಿವಿಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಮುದುಕಿಯರು ಗೋಡೆಗೆ ಒರಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಮಾವ ಕಂಬದ ಹತ್ತಿರ ಕೂರೋಕೆ ಹೋದರೆ ಒಬ್ಬಾಕೆ, ‘ಯಪ್ಪಾ, ಅಲ್ಲಿ ನಮ್ಮ ಶಾಂತವ್ವ ಕುಂದರ್ತಾಳ, ನೀವು ಈ ಕಡೆ ಬರ್ರಿ’ ಅಂದರು. ಶಾಂತವ್ವ ಐದು ನಿಮಿಷದ ಮೇಲೆ ಕೋಲೂರಿಕೊಂಡು ಬಂದರು. ಸೀಟು ಖಾಲಿ ಇತ್ತು.

ಒಬ್ಬ ಹುಡುಗಿ ವಚನ ಹಾಡಿದಳು. ಶ್ರುತಿ ಸ್ವಲ್ಪ ಆಚೀಚೆ ಆಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಕಾಯಕದ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಜಾಸ್ತಿ ಹೊತ್ತೂ ಮಾತಾಡಿದರು. ನನ್ನ ಪಕ್ಕದವರು ನಿದ್ದೆಗೆ ಜಾರಿ ಎದ್ದರು. ಮುಂದಿನ ವಾರ ಏನು ಅಂತ ಹೇಳಿದರು. ಪ್ರಸಾದ ಆಯಿತು.

ಇದೇ ಮಠದ ಸ್ವಾಮಿಗಳು 2011ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಹಳ್ಳಿಗುಡಿ ಸುತ್ತಿನ ಹೊಲ ಹೋಗುತ್ತೆ ಅಂದಾಗ ರೈತರ ಮುಂದೆ ನಿಂತವರು. ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಷ್ಟು ಜನ ಹೇಗೆ ಕೂಡಿದರು ಅಂತ ನನಗೆ ಆಗ ಪೇಪರ್ ಓದುವಾಗ ಆಶ್ಚರ್ಯ ಆಗಿತ್ತು. ಈ ಜಮಖಾನೆಯ ಮೇಲೆ ಕೂತಾಗ ಅಷ್ಟೇನೂ ಆಶ್ಚರ್ಯ ಅನಿಸಲಿಲ್ಲ. ವಾರವಾರ ಒಂದೇ ಕಡೆ ಕೂತು ಕೇಳುವ, ಒಬ್ಬರ ಜಾಗ ಒಬ್ಬರು ಕಾಯುವ ಜನಕ್ಕೆ, ಒಂದು ದಿನ ತುರ್ತಾಗಿ ಸೇರಬೇಕು ಅಂದರೆ ಎಲ್ಲಿಗೆ, ಯಾರಿಗೆ ಹೇಳಬೇಕು ಅಂತ ಗೊತ್ತಿರುತ್ತದೆ.

ಎಲ್ಲ ಮುಗಿದು ಎದ್ದಾಗ ಮಾವ ಕಾಣಲಿಲ್ಲ. ನೋಡಿದರೆ ಹುಡುಗರ ಜೊತೆ ಜಮಖಾನೆಯ ಒಂದು ತುದಿ ಹಿಡಿದು ಸುತ್ತುತ್ತಿದ್ದರು. ‘ಮುಂದಿನ ಸೋಮವಾರನೂ ಬರ್ರಿ ಅಜ್ಜಾರ’ ಅಂದ ಒಬ್ಬ ಹುಡುಗ. ಹೊರಗೆ ಬಂದರೆ ಮಾವನ ಚಪ್ಪಲಿ ಇಲ್ಲ! ಅದೇ ಬಣ್ಣದ, ಅದಕ್ಕಿಂತ ಒಂದು ನಂಬರ್ ಚಿಕ್ಕ ಜೋಡಿ ಅಲ್ಲೇ ಉಳಿದಿತ್ತು. ಯಾರೋ ಅದಲು ಬದಲು ಮಾಡಿಕೊಂಡು ಹೋಗಿದ್ದರು. ಹಿಮ್ಮಡಿ ಆಚೆ ಚಾಚಿಕೊಂಡೇ ಮಾವ ಸ್ಟೇಷನ್ನಿನ ತನಕ ನಡೆದರು.

ಪ್ಲಾಟ್‌ಫಾರಂನಲ್ಲಿ ರೈಲು ಕಾಯುತ್ತಾ ನಾನು ಚೀಟಿ ತೆಗೆದು, ಊರಲ್ಲಿ ಏನು ಹೇಳೋದು ಅಂತ ಬರೆಯೋಕೆ ಕೂತೆ. ಹೆಂಚು ರಿಪೇರಿ, ಕರೆಂಟು, ಕುರ್ಚಿ. ಮಾವ ಬಗ್ಗಿ ನೋಡಿದರು.

‘ಕುರ್ಚಿ ಆಮೇಲೆ ಬರ್ಕೋ. ಮೊದ್ಲು ವಾರ ಯಾವ್ದು ಹೇಳು.’

‘ಗುರುವಾರ?’

‘ಸಂತೆ ಕಣೋ ಅವತ್ತು.’

‘ಶನಿವಾರ?’

‘ಹನುಮಂತರಾಯನ ಭಜನೆ ಐತೆ. ಆ ಜನ ಬರಲ್ಲ.’

‘ಮಂಗಳವಾರ ಇಡೋಣ್ವಾ ಮಾವ?’

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. ಮಂಗಳವಾರ ಸಂಜೆ ಡೇರಿಗೆ ಹಾಲು ಹಾಕಿ ಜನ ವಾಪಸ್ ಬರೋದು ಎಷ್ಟೊತ್ತಿಗೆ, ಟಿವಿ ಧಾರಾವಾಹಿ ಎಷ್ಟೊತ್ತಿಗೆ, ಮೇಲಿನ ಕೇರಿಗೆ ನೀರು ಬಿಡೋದು ಎಷ್ಟೊತ್ತಿಗೆ. ‘ಏಳೂಕಾಲು’ ಅಂದರು. ‘ಏಳೂಕಾಲಿಗೆ ಶುರು ಮಾಡಿ ಎಂಟೂಕಾಲಿಗೆ ಬಿಟ್ಬುಡ್ಬೇಕು. ಮೊದಲ್ನೇ ವಾರ ನಾನೇ ಮಾತಾಡ್ತೀನಿ.’

‘ಏನಂತ?’

‘ದುರ್ಯೋಧನ’ ಅಂದರು.